ಸೀಲಮ್ಮನ ‘ಪರವಾಗಿಲ್ಲ’

ಹೊರಗಿನಿಂದ ಬಂದು ತಪ್ಪು ಹುಡುಕುವ ಆ ನಾಲ್ಕೈದು ಜನರ ಗುಂಪಿಗೆ ಕಾಗದದ ಮೇಲೆ ಸ್ವತಂತ್ರ ತಾಂತ್ರಿಕ ಪರಿಶೀಲನಾ ಸಮಿತಿ ಅಂತ ಮಾರುದ್ದದ ಹೆಸರಿತ್ತು. ಆದರೆ ಮನುಷ್ಯರನ್ನು ಆಕಾಶಕ್ಕೆ ಹೊತ್ತೊಯ್ಯುವ ನೌಕೆ ಕಟ್ಟುತ್ತಿದ್ದ ಹುಡುಗರ ಬಾಯಲ್ಲಿ ಅದು ‘ಅತ್ತೆಯರ ಸಂಘ’. ಎಷ್ಟು ಚೆನ್ನಾಗಿ ಮಾಡಿ ಬಡಿಸಿದರೂ ಉಪ್ಪು ಕಮ್ಮಿ ಅನ್ನುವ ಜಾತಿ. ಸಮಿತಿಯ ಅಧ್ಯಕ್ಷರು ಜೀವಮಾನವಿಡೀ ಸಬ್‌ಮರೀನುಗಳ ಹೊಟ್ಟೆಯೊಳಗೆ ಕಳೆದ ಗಂಡಸು, ಬಿಳಿ ಮೀಸೆ ಬೇರೆ. ಆದರೂ ಅವರಿಗೆ ಬೆನ್ನ ಹಿಂದೆ ‘ದೊಡ್ಡತ್ತೆ’ ಅಂತಲೇ ಹೆಸರು. ಅದು ಅವರಿಗೂ ಗೊತ್ತಿತ್ತು. “ಅತ್ತೆ ಅಂದ್ರೆ ಏನಪ್ಪಾ ಕಮ್ಮಿ? ಮನೆ ಉಳಿಯೋದೇ ಅವಳಿಂದ,” ಅಂತ ನಕ್ಕು ಬಿಡುತ್ತಿದ್ದರು.

ಆ ಸಂಘದಲ್ಲಿ ಹುಡುಗರು ನಿಜಕ್ಕೂ ಹೆದರುತ್ತಿದ್ದುದು ಸೀಲಮ್ಮನಿಗೆ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗಾಳಿ, ನೀರು, ಎಣ್ಣೆ ಯಾವುದೂ ಸೋರದಂತೆ ತಡೆಯುವ ರಬ್ಬರಿನ ಉಂಗುರಗಳಿವೆಯಲ್ಲ, ಆ ಸೀಲುಗಳಿಗಾಗಿಯೇ ಅವಳು ಅರ್ಧ ಆಯುಸ್ಸು ತೇಯ್ದಿದ್ದಳು. ಹೊಸದಾಗಿ ಸೇರಿದ ಹುಡುಗಿ ಯಾರಾದರೂ ಏನದು ಅಂತ ಕೇಳಿದರೆ, “ನಿಮ್ಮನೆ ಕುಕ್ಕರ್ ರಬ್ಬರ್ ನೋಡಿದ್ದೀಯಲ್ಲಮ್ಮಾ, ಅದೇ. ಅಲ್ಲಿ ಅದು ಕೈಕೊಟ್ರೆ ಬೇಳೆ ಬೇಯಲ್ಲ. ಇಲ್ಲಿ ಕೈಕೊಟ್ರೆ…” ಅಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದಿನದು ಎಲ್ಲರಿಗೂ ತಿಳಿಯುತ್ತಿತ್ತು.

ಒಂದೇ ತೊಡಕು. ನೌಕೆಯ ಗಾಳಿ ವಾಲ್ವು ಕಟ್ಟಿದ ತಂಡದ ಮುಖ್ಯಸ್ಥ ಅವಳ ಸ್ವಂತ ಮೈದುನ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ತಾಯಿ ಇರಲಿಲ್ಲ, ಮೀಸೆಯೂ ಇರಲಿಲ್ಲ. ಪರೀಕ್ಷೆಯ ದಿನ ಬೆಳಗಾದರೆ ಹೊಟ್ಟೆನೋವು ಅಂತ ಮುಸುಕು ಹಾಕಿ ಮಲಗುತ್ತಿದ್ದವನನ್ನು ಎಳೆದು ಕೂರಿಸಿ ಲೆಕ್ಕ ಮಾಡಿಸಿದವಳು ಅವಳೇ. ಸಮಿತಿಗೆ ಸೇರುವಾಗ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಳು. ದೊಡ್ಡತ್ತೆ ಮೀಸೆ ತಿರುವಿ, “ಈ ವಿದ್ಯೆ ಗೊತ್ತಿರೋರೇ ಬೆರಳೆಣಿಕೆ ಜನ, ಒಬ್ಬರಿಗೊಬ್ಬರು ಏನಾದ್ರೂ ಆಗಿಯೇ ಆಗಿರ್ತಾರೆ. ನಿಮ್ಮನ್ನ ಬಿಟ್ರೆ ಸೀಲು ನೋಡೋಕೆ ನನಗೆ ಬೇರೆ ಯಾರಿದಾರಮ್ಮಾ? ನಿಮ್ಮ ಬಾಯಿ ನೆಟ್ಟಗಿದ್ರೆ ಸಾಕು,” ಅಂದಿದ್ದರು.

“ಸಂಬಂಧಾನ ಚಪ್ಪಲಿ ಥರ ಬಾಗಿಲಲ್ಲೇ ಬಿಟ್ಟು ಬರ್ತೀನಿ ಸರ್,” ಅಂದಿದ್ದಳು ಸೀಲಮ್ಮ. ಎಷ್ಟು ಜಂಬ!

ಆ ವಾಲ್ವಿಗೆ ಇದ್ದದ್ದು ಎರಡೇ ಕೆಲಸ. ಆಕಾಶದಲ್ಲಿರುವಷ್ಟು ಹೊತ್ತು ಬಾಯಿ ಬಿಗಿದು ಮುಚ್ಚಿಕೊಂಡಿರಬೇಕು. ನೆಲಕ್ಕಿಳಿಯುವಾಗ ಬಾಯಿಬಿಟ್ಟು ಹೊರಗಿನ ಗಾಳಿಯನ್ನು ಒಳಗೆ ಕರೆದುಕೊಳ್ಳಬೇಕು. ಮೊದಲನೆಯದು ಕೆಟ್ಟರೆ ಒಳಗಿನ ಗಾಳಿಯೆಲ್ಲ ಹೊರಗೆ. ಆಮೇಲೆ ಎರಡನೆಯ ಕೆಲಸಕ್ಕೆ ಗಾಳಿ ಬೇಕು ಅನ್ನುವವರೇ ಒಳಗಿರುವುದಿಲ್ಲ.

ಪರಿಶೀಲನೆಯ ದಿನ ದೊಡ್ಡ ಹಾಲು. ಮೂಳೆ ಕೊರೆಯುವ ಎ.ಸಿ., ಉದ್ದನೆಯ ಮೇಜು, ಮೇಜಿನ ಮೇಲೆ ಯಾರೂ ತೆರೆಯದ ನೀರಿನ ಬಾಟಲಿಗಳು. ಒಂದು ಕಡೆ ಅತ್ತೆಯರ ಸಂಘ. ಎದುರಿಗೆ ಯೋಜನೆಯವರು, ಅವರ ನಡುವೆ ನಿರ್ದೇಶಕ. ಆ ಮನುಷ್ಯನಿಗೆ ಹುಡುಗರಿಟ್ಟ ಹೆಸರು ತಾರೀಖಪ್ಪ. ವಾಲ್ವು ಅಂದರೂ ತಾರೀಖು, ಪ್ಯಾರಾಚೂಟು ಅಂದರೂ ತಾರೀಖು. ಉಡಾವಣೆಯ ತಾರೀಖು ಬಿಟ್ಟು ಅವನ ತಲೆಗೆ ಇನ್ನೇನೂ ಹೋಗುತ್ತಿರಲಿಲ್ಲ. ಕೂತವನಿಗೆ ಕುರ್ಚಿ ಬೆಚ್ಚಗಿತ್ತು. ಮೇಲೆ ಹೋಗುವವನು ಅವನಲ್ಲವಲ್ಲ!

ಮೈದುನ ಎದ್ದು ನಿಂತು ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತಾ ಹೋದ. ಒಂದು ಕಡೆ ಗಾಳಿಯ ಒತ್ತಡ ತೋರಿಸುವ ಗೆರೆ ಸ್ವಲ್ಪ ಕೆಳಕ್ಕೆ ಜಾರಿ ಮತ್ತೆ ನೆಟ್ಟಗಾಗಿತ್ತು. ಅದನ್ನು ಅವನು ಬೇಗ ಬೇಗ ದಾಟಿಸಿದ.

“ನಿಲ್ಲಿ. ಹಿಂದಿನ ಚಿತ್ರ,” ಅಂದಳು ಸೀಲಮ್ಮ. ಹಾಲಿನಲ್ಲಿ ಅವನಿಗೆ ಅವಳು ‘ನೀವು’ ಅನ್ನುತ್ತಿದ್ದಳು, ಅವಳಿಗೆ ಅವನು ‘ಮೇಡಂ’ ಅನ್ನುತ್ತಿದ್ದ. “ಇಲ್ಲಿ ಸೋರಿದೆಯಲ್ಲ?”

“ಹೌದು ಮೇಡಂ. ಚಳಿಯಲ್ಲಿಟ್ಟು ಮಾಡಿದ ಪರೀಕ್ಷೆ. ಒಂದೇ ಸಲ ಸ್ವಲ್ಪ ಸೋರ್ತು, ಆಮೇಲೆ ತಾನೇ ಸರಿಹೋಯ್ತು. ಪರೀಕ್ಷೆ ಉಪಕರಣದಲ್ಲಿ ಧೂಳಿತ್ತು ಅಂತ…”

“ಧೂಳಿತ್ತು ಅಂತ ಕಂಡಿರೋ, ಅಂದುಕೊಂಡಿರೋ?”

ಅವನು ತುಟಿ ಒದ್ದೆ ಮಾಡಿಕೊಂಡ. ತಾರೀಖಪ್ಪ ಗಡಿಯಾರ ನೋಡಿದ. ಸೀಲಮ್ಮನಿಗೆ ಗೊತ್ತಿತ್ತು: ಸೋರಿ ಸೋರುತ್ತಲೇ ಇರುವ ಸೀಲು ಪ್ರಾಮಾಣಿಕ, ಸೋರಿ ತಾನೇ ಕೂತುಕೊಳ್ಳುವ ಸೀಲು ಮಹಾ ಠಕ್ಕ. ಕುಕ್ಕರಿನ ರಬ್ಬರು ಹಳತಾದಾಗ ಹಾಗೆ ಮಾಡುತ್ತದೆ. ಒಂದಿಷ್ಟು ಬುಸುಗುಟ್ಟಿ ಸುಮ್ಮನಾಗುತ್ತದೆ, ನಾವೂ ಸುಮ್ಮನಾಗುತ್ತೇವೆ. ಉಪಕರಣ ಬದಲಿಸಿ ಚಳಿಯಲ್ಲಿಟ್ಟು ಮತ್ತೆ ಪರೀಕ್ಷೆ ಮಾಡಿ ಅನ್ನಬೇಕು. ಒಂದೇ ಮಾತು. ನಾಲಿಗೆಯ ತುದಿಗೆ ಬಂದಿತ್ತು.

ಆಗ ಅವನು ಅವಳ ಕಡೆ ನೋಡಿ, ಮೈಕಿಗೆ ಕೇಳಿಸದಷ್ಟು ಮೆಲ್ಲಗೆ, “ಅತ್ತಿಗೆ…” ಅಂದುಬಿಟ್ಟ.

ಅಷ್ಟೇ. ಆ ಹಾಲು, ಆ ಮೇಜು, ಎಲ್ಲ ಕರಗಿ ಮುಸುಕು ಹಾಕಿಕೊಂಡು ಮಲಗಿದ್ದ ಆ ಹುಡುಗ ಕಣ್ಣ ಮುಂದೆ ಬಂದ. ಇಷ್ಟು ಜನರೆದುರು ಇವನ ಮುಖಕ್ಕೆ ಮಸಿ ಬಳಿಯಲೇ? ಮನೆಗೆ ಹೋಗಿ ಕೇಳಿದರಾಯಿತು.

“ಸರಿ, ಪರವಾಗಿಲ್ಲ. ಮುಂದೆ ಹೋಗಿ,” ಅಂದಳು.

ದೊಡ್ಡತ್ತೆ ಅವಳ ಕಡೆ ತಿರುಗಿ ಹುಬ್ಬೆತ್ತಿದರು. ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಳು. ಮೂಲೆಯಲ್ಲಿದ್ದ ಕಾರ್ಯದರ್ಶಿ ಏನೋ ಬರೆದುಕೊಂಡ. ತಾರೀಖಪ್ಪ ಆ ದಿನ ಮೊದಲ ಬಾರಿಗೆ ನಕ್ಕ.

ಸಂಜೆ ಮೈದುನ ಹೆಂಡತಿಯ ಜೊತೆ ಊಟಕ್ಕೆ ಬಂದ. ಸೀಲಮ್ಮನ ಗಂಡನಿಗೆ ತಮಾಷೆಯೇ ಉಸಿರು. “ಏನೋ, ಇವತ್ತು ನಿಮ್ಮತ್ತಿಗೆ ನಿನ್ನ ಚರ್ಮ ಸುಲಿದ್ಲಾ, ಉಳಿಸಿದ್ಲಾ?” ಅಂದ.

“ಉಳಿಸಿದ್ರು ಕಣಣ್ಣ,” ಅಂದ ಮೈದುನ. ನಗಲಿಲ್ಲ. ತಟ್ಟೆಯ ಮೇಲೆ ಬೆರಳಾಡಿಸುತ್ತಾ ಒಂದೆರಡು ಸಲ ಅವಳ ಮುಖ ನೋಡಿದ. ದಣಿದಿದ್ದಾನೆ ಅಂದುಕೊಂಡಳು. ಊಟ ಆದಮೇಲೆ ಕೇಳೋಣ ಅಂದುಕೊಂಡಳು. ಊಟ ಆಯಿತು, ಕೈ ತೊಳೆದದ್ದಾಯಿತು, ಚಪ್ಪಲಿ ಮೆಟ್ಟಿ ಹೊರಟದ್ದೂ ಆಯಿತು. ಕೇಳಲಿಲ್ಲ. ಅವನೂ ಬಾಗಿಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಬರ್ತೀನಿ ಅತ್ತಿಗೆ,” ಅಂದು ಹೋದ.

ಆಮೇಲಿನ ದಿನಗಳಲ್ಲಿ ಅವಳು ತನಗೆ ತಾನೇ ಎಷ್ಟೊಂದು ಸಮಾಧಾನ ಹೇಳಿಕೊಂಡಳೋ! ಧೂಳೇ ಇರಬಹುದು. ಅವನೇನು ದಡ್ಡನೇ? ತಾನೇನು ಒಪ್ಪಿಗೆ ಕೊಟ್ಟಿಲ್ಲವಲ್ಲ, ಮುಂದೆ ಹೋಗಿ ಅಂದೆ ಅಷ್ಟೇ. ದೊಡ್ಡತ್ತೆಗೆ ಫೋನು ಮಾಡಲು ಹೋಗಿ, ಅತ್ತ ಕಡೆ ಅವರು “ಹೇಳಮ್ಮಾ” ಅಂದಾಗ, “ಏನಿಲ್ಲ ಸರ್, ನಿಮ್ಮ ಮಂಡಿನೋವು ಹೇಗಿದೆ ಅಂತ,” ಅಂದು ಇಟ್ಟುಬಿಟ್ಟಳು. ಅವಳ ಜನ್ಮದಲ್ಲಿ ಯಾರ ಮಂಡಿಯನ್ನೂ ಅವಳು ವಿಚಾರಿಸಿದವಳಲ್ಲ.

ಅಡುಗೆಮನೆಯಲ್ಲಿ ಕುಕ್ಕರು ಬುಸ್ಸೆಂದರೆ ಬೆಚ್ಚುತ್ತಿದ್ದಳು. “ರಬ್ಬರು ಸ್ವಲ್ಪ ಸೋರ್ತಿದೆ. ಇರಲಿ ಬಿಡು, ತಾನೇ ಕೂತ್ಕೊಳ್ಳುತ್ತೆ,” ಅಂದ ಗಂಡ ಒಂದು ಬೆಳಗ್ಗೆ. ಅವಳು ಒಲೆ ಆರಿಸಿ ಆ ರಬ್ಬರನ್ನು ಕಿತ್ತು ಕಸದ ಬುಟ್ಟಿಗೆ ಎಸೆದಳು. ಅವನು ಬಾಯಿಬಿಟ್ಟುಕೊಂಡು ನೋಡಿದ.

ಆ ವಾರವೇ ತರಬೇತಿ ಕಟ್ಟಡದ ಕಾರಿಡಾರಿನಲ್ಲಿ ಅವಳಿಗೆ ಆ ಪೈಲಟ್ ಸಿಕ್ಕಿದಳು. ನೌಕೆಯಲ್ಲಿ ಹೋಗುವ ಮೂವರಲ್ಲಿ ಒಬ್ಬಳು, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೆವರಿಗೆ ಕೂದಲು ಹಣೆಗಂಟಿತ್ತು, ಕತ್ತಿನಲ್ಲಿ ಟವೆಲು.

“ಸೀಲಮ್ಮ ಮೇಡಂ ನೀವೇ ಅಲ್ವಾ? ಅಯ್ಯೋ, ಹಾಗಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.”

“ಇಲ್ಲಮ್ಮಾ. ಹಾಗೇ ಅನ್ನು.”

“ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ. ಆ ಗಾಳಿ ವಾಲ್ವ್ ಇದೆಯಲ್ಲ, ಅದು ಸರಿಯಾಗಿ ನನ್ನ ಸೀಟಿನ ಮೇಲೇ ಬರೋದು. ತಲೆ ಎತ್ತಿದ್ರೆ ಅದೇ ಕಾಣ್ಸುತ್ತೆ. ಅದನ್ನ ನೋಡ್ದಾಗೆಲ್ಲ ಒಂಥರಾ ಆಗ್ತಿತ್ತು. ಆಮೇಲೆ ನೀವೇ ಪರವಾಗಿಲ್ಲ ಅಂದ್ರಂತೆ ಅಂತ ಗೊತ್ತಾಯ್ತು.” ಅವಳು ನಕ್ಕಳು. “ನಮ್ಮಮ್ಮನಿಗೂ ಹೇಳ್ದೆ. ಯಾರಿಗೂ ಪಾಸ್ ಮಾರ್ಕ್ ಕೊಡದೇ ಇರೋ ಹೆಂಗಸು ಪರವಾಗಿಲ್ಲ ಅಂದಿದಾರೆ, ನೀನು ನಿದ್ದೆ ಮಾಡಮ್ಮಾ ಅಂತ.”

ಪೈಲಟ್ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ, ಯಾವುದೋ ಹಾಡು ಗುನುಗುತ್ತಾ ಹೋದಳು. ಸೀಲಮ್ಮ ಗೋಡೆಗೆ ಒರಗಿ ನಿಂತಳು. ಯಾರೋ ತನ್ನನ್ನು ನಡುಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಲ್ಲಿಸಿದ್ದಾರೆ, ಎಲ್ಲರೂ ಕೈಮುಗಿದು ಹೋಗುತ್ತಿದ್ದಾರೆ ಅನ್ನಿಸಿತು.

ಪರವಾಗಿಲ್ಲ! ಆ ಮಾತಿನಷ್ಟು ಕಳ್ಳಮಾತು ಇನ್ನೊಂದಿಲ್ಲ. ಅಡುಗೆ ಹೇಗಿದೆ ಅಂದರೆ ಪರವಾಗಿಲ್ಲ, ಅಂದರೆ ಅಷ್ಟಕ್ಕಷ್ಟೇ. ಜ್ವರ ಹೇಗಿದೆ ಅಂದರೆ ಪರವಾಗಿಲ್ಲ, ಅಂದರೆ ಇನ್ನೂ ಬಿಟ್ಟಿಲ್ಲ. ಕಾಲು ತುಳಿದವನು ಕ್ಷಮಿಸಿ ಅಂದರೆ ಪರವಾಗಿಲ್ಲ, ಅಂದರೆ ನೋವಾಗಿದೆ, ನೀನು ತೊಲಗು. ಹೇಳಿದವರು ಯಾವುದಕ್ಕೂ ಸಿಕ್ಕಿಹಾಕಿಕೊಳ್ಳದಂತೆ ನುಣುಚಿಕೊಳ್ಳುವುದಕ್ಕೆಂದೇ ಮಾಡಿಟ್ಟ ಮಾತು. ಮನೆಯಲ್ಲಿ, ಬೀದಿಯಲ್ಲಿ ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಅವಳನ್ನು ಅಲ್ಲಿ ಕೂರಿಸಿದ್ದದ್ದೇ ನುಣುಚಿಕೊಳ್ಳದೆ ಮಾತಾಡುವುದಕ್ಕೆ. ಒಳಗಿನವರಿಗೆ ಮೇಲಧಿಕಾರಿಯ ಹೆದರಿಕೆ, ತಾರೀಖಿನ ಹೆದರಿಕೆ ಇರುತ್ತದೆ ಅಂತಲೇ ಯಾರ ಹಂಗೂ ಇಲ್ಲದವರನ್ನು ಹೊರಗಿನಿಂದ ಕರೆಸುವುದು. ಹಂಗಿಲ್ಲದವಳು ಹೋಗಿ ಹಂಗಿಗೆ ಬಿದ್ದಿದ್ದಳು. ಆ ದಿನ ಚಪ್ಪಲಿ ಬಾಗಿಲಲ್ಲಿ ಉಳಿದಿರಲಿಲ್ಲ, ಕಾಲಿಗಂಟಿಕೊಂಡು ಒಳಗೇ ಬಂದಿತ್ತು.

ಕೊನೆಯ ಸಭೆ. ಅದೇ ಹಾಲು, ಅದೇ ಚಳಿ. ಇಲ್ಲಿ ಎಲ್ಲರೂ ಆಯಿತು ಅಂದರೆ ನೌಕೆಯನ್ನು ರಾಕೆಟ್ಟಿನ ತಲೆಗೆ ಏರಿಸುವ ಕೆಲಸ ಶುರು. ಈ ಸಲ ಮೂವರು ಯಾತ್ರಿಗಳೂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಕಾರ್ಯದರ್ಶಿ ಒಂದೊಂದೇ ಭಾಗದ ಹೆಸರು ಓದುತ್ತಾ ಬಂದ.

“ಗಾಳಿ ವಾಲ್ವು. ಸ್ವತಂತ್ರ ತಜ್ಞರ ಆಕ್ಷೇಪಣೆ ಇಲ್ಲ.”

“ಮುಂದೆ,” ಅಂದ ತಾರೀಖಪ್ಪ.

ಸೀಲಮ್ಮ ಎದ್ದಳು. ಎದ್ದದ್ದು ಅವಳಿಗೇ ಆಶ್ಚರ್ಯವಾಯಿತು. ಕಾಲು ಅವಳ ಅಪ್ಪಣೆ ಕೇಳಿರಲಿಲ್ಲ.

“ಆಕ್ಷೇಪಣೆ ಇಲ್ಲ ಅಂತ ನಾನು ಹೇಳಿಲ್ಲ.”

ಕಾರ್ಯದರ್ಶಿ ಪುಟ ತಿರುವಿದ. “ಪರವಾಗಿಲ್ಲ ಅಂದ್ರಿ ಮೇಡಂ.”

“ಅಂದೆ. ಸರಿಯಿದೆ ಅನ್ನಲಿಲ್ಲ.”

ಯಾರೋ ಕಿಸಕ್ಕನೆ ನಕ್ಕರು. ತಾರೀಖಪ್ಪನೂ ನಗಲು ನೋಡಿದ. “ಇದೇನು ಮೇಡಂ, ಭಾಷೆ ಪಾಠಾನಾ? ತಾರೀಖು ನಿಗದಿಯಾದ ಮೇಲೆ ಪರವಾಗಿಲ್ಲಕ್ಕೆ ಅರ್ಥ ಬಿಡಿಸ್ತಾ ಕೂತ್ರೆ ಹೇಗೆ?”

“ಅರ್ಥ ನನಗೆ ಆವತ್ತೇ ಗೊತ್ತಿತ್ತು,” ಅಂದಳು ಸೀಲಮ್ಮ. “ಆ ಸೀಲು ಚಳಿಯಲ್ಲಿ ಸೋರಿತ್ತು. ಧೂಳು ಅಂತ ಯಾರೂ ಕಣ್ಣಾರೆ ಕಂಡಿಲ್ಲ. ಮತ್ತೆ ಪರೀಕ್ಷೆ ಮಾಡಿ ಅನ್ನಬೇಕಿತ್ತು. ಅನ್ನಲಿಲ್ಲ. ಎದುರಿಗೆ ನಿಂತಿದ್ದೋನು ನನ್ನ ಮೈದುನ. ಅವನ ಮುಖ ಉಳಿಸೋಕೆ ಹೋದೆ. ತಪ್ಪು ನನ್ನದು. ಈಗ ಹೇಳ್ತಿದ್ದೀನಿ: ಬೇರೆ ಉಪಕರಣದಲ್ಲಿ, ಚಳಿಯಲ್ಲಿ ಮತ್ತೆ ಪರೀಕ್ಷೆ ಆಗ್ಬೇಕು. ಆಗೋವರೆಗೂ ನನ್ನ ಒಪ್ಪಿಗೆ ಇಲ್ಲ.”

ದೊಡ್ಡತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವಳನ್ನೇ ನೋಡಿದರು. ಬೈದಿದ್ದರೆ ವಾಸಿಯಿತ್ತು. “ಸಮಿತಿಯ ಮಾತು ಅದೇ,” ಅಂದರು ಕೊನೆಗೆ. “ಪರೀಕ್ಷೆ ಮಾಡಿಸಿ.” ಆಮೇಲೆ ಅವಳಿಗಷ್ಟೇ ಕೇಳುವಂತೆ, “ಮಂಡಿ ವಿಚಾರಿಸಿದಾಗಲೇ ನಾನು ಕೇಳಬೇಕಿತ್ತು,” ಅಂದರು.

ಅವಳು ಮೈದುನನ ಕಡೆ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು. ಅವನು ಪೆನ್ನಿನ ಕ್ಯಾಪು ತೆಗೆದ, ಹಾಕಿದ, ತೆಗೆದ.

ಮರುದಿನ ಅವನು ಮನೆಗೆ ಬಂದ. ಅಣ್ಣನಿಗೆ ಕೊಡಬೇಕಿದ್ದ ಡ್ರಿಲ್ ಮೆಷಿನ್ನನ್ನು ಬಾಗಿಲ ಪಕ್ಕ ಇಟ್ಟು ತಿರುಗಿದ.

“ಒಳಗೆ ಬಾರೋ,” ಅಂದಳು ಸೀಲಮ್ಮ.

“ಬೇಡ ಮೇಡಂ. ಶೆಡ್‌ನಲ್ಲಿ ಕೆಲಸ ಇದೆ.”

ಅವಳ ಗಂಡ ಪೇಪರು ಕೆಳಗಿಟ್ಟ. ಮನೆಯ ಹೊಸಿಲಲ್ಲಿ ನಿಂತು ಮೈದುನ ಅವಳನ್ನು ಮೇಡಂ ಅಂದದ್ದು ಅದೇ ಮೊದಲು.

ಪರೀಕ್ಷೆಯ ದಿನ ಸೀಲಮ್ಮ ಎಲ್ಲರಿಗಿಂತ ಮೊದಲೇ ಶೆಡ್ಡಿಗೆ ಹೋದಳು. ತಗಡಿನ ಚಾವಣಿ, ಎಣ್ಣೆಯ ವಾಸನೆ, ಮಧ್ಯದಲ್ಲಿ ದಪ್ಪ ಬಾಗಿಲಿನ ಶೀತಪೆಟ್ಟಿಗೆ. ಅದರೊಳಗೆ ವಾಲ್ವು. ಹೊರಗೆ ಹೊಸ ಉಪಕರಣ, ಅದರ ಗೇಜಿನ ಮುಳ್ಳು. ಮೈದುನ ಒಬ್ಬನೇ ನಿಂತು ಕೊಳವೆಗಳ ಜೋಡಣೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

“ಅಷ್ಟು ಜನರ ಮುಂದೆ ನಿನ್ನ ಹೆಸರು ಎತ್ತಬಾರದಿತ್ತು ಕಣೋ,” ಅಂದಳು.

ಬಟ್ಟೆ ನಿಂತಿತು. “ನನ್ನ ಮುಖ ಉಳಿಸೋಕೆ ಅಂದ್ರಿ. ನನ್ನ ಮುಖ ಉಳಿಸಿ ಅಂತ ಯಾರು ಕೇಳಿದ್ರು ನಿಮ್ಮನ್ನ?”

“ನೀನೇ ಅಲ್ವೇನೋ, ಅತ್ತಿಗೆ ಅಂದೆಯಲ್ಲ ಆವತ್ತು…”

ಅವನು ಬಟ್ಟೆಯನ್ನು ನೆಲಕ್ಕೆ ಬಡಿದ. “ಉಳಿಸಿ ಅಂತ ಅನ್ನಲಿಲ್ಲ! ಕೇಳಿ ಅಂತ ಅಂದೆ! ಇನ್ನೊಂದು ಪರೀಕ್ಷೆ ಬೇಕು ಅಂತ ನಾನು ತಾರೀಖಪ್ಪನ ಕಾಲು ಹಿಡಿಯೋದೊಂದು ಬಾಕಿ. ಹೊರಗಿನವರು ಕೇಳಿದ್ರೆ ನೋಡೋಣ, ನೀನಾಗಿ ಬಾಯಿಬಿಟ್ರೆ ಈ ಕೆಲಸದಲ್ಲಿ ನೀನಿರಲ್ಲ ಅಂದಿದ್ದ. ನೀವು ಕೇಳೇ ಕೇಳ್ತೀರಿ ಅಂತ ಆ ಚಿತ್ರ ಬೇಕಂತಲೇ ಇಟ್ಟಿದ್ದೆ, ಅವನಿಗೆ ಅನುಮಾನ ಬರದ ಹಾಗೆ ಬೇಗ ದಾಟಿಸಿದೆ. ನೀವು ನಿಲ್ಲಿ ಅಂದಾಗ ಜೀವ ಬಂತು. ಇನ್ನೊಂದು ಹೆಜ್ಜೆ, ಅತ್ತಿಗೆ, ಅನ್ನೋ ಹಾಗೆ ಕರೆದೆ. ನೀವು ಪರವಾಗಿಲ್ಲ ಅಂದುಬಿಟ್ರಿ.”

ಸೀಲಮ್ಮ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು.

“ಆಮೇಲೆ ಊಟಕ್ಕೆ ಬಂದಾಗಲೂ ಕಾದೆ,” ಅಂದ ಅವನು, ಧ್ವನಿ ಇಳಿಸಿ. “ಈಗ ಕೇಳ್ತೀರಿ, ಈಗ ಕೇಳ್ತೀರಿ ಅಂತ. ನಾನೂ ಬಾಯಿಬಿಡಲಿಲ್ಲ. ಅದು ನನ್ನ ಹೇಡಿತನ, ನಿಮ್ಮದಲ್ಲ. ಆದ್ರೆ ನೀವು ನನ್ನನ್ನ ಇನ್ನೂ ಹೊಟ್ಟೆನೋವು ಅಂತ ಮಲಗೋ ಹುಡುಗ ಅಂದ್ಕೊಂಡ್ರಲ್ಲ, ಅದಕ್ಕೇನು ಹೇಳ್ಲಿ?”

ಮಾಡಿದ್ದು ತಪ್ಪು ಅಂತ ಸೀಲಮ್ಮನಿಗೆ ಗೊತ್ತಿತ್ತು. ಆದರೂ ಒಳಗೆಲ್ಲೋ ಒಂದು ಮೂಲೆಯಲ್ಲಿ, ಪ್ರೀತಿಗೆ ಮಾಡಿದೆ ಅನ್ನುವ ಚಿಕ್ಕ ಸಮಾಧಾನ ಬಚ್ಚಿಟ್ಟುಕೊಂಡಿದ್ದಳು. ಅದೂ ಈಗ ಕೈಯಿಂದ ಜಾರಿ ಬಿತ್ತು. ಅವನು ತನ್ನ ಕೆಲಸ ಮಾಡಿದ್ದ. ಮಾಡದೆ ಉಳಿದವಳು ಅವಳು. ಅವನ ಕಣ್ಣಲ್ಲಿದ್ದ ಬೇಡಿಕೆಯನ್ನು ಓದಲು ಹೋಗಿ ತನ್ನ ಕನಿಕರವನ್ನೇ ಓದಿಕೊಂಡಿದ್ದಳು.

ಹೊರಗೆ ಹೆಜ್ಜೆ ಸದ್ದಾಯಿತು. ದೊಡ್ಡತ್ತೆ ಮಂಡಿ ಹಿಡಿದುಕೊಂಡು ಬಂದರು, ಕಾರ್ಯದರ್ಶಿ ಬಂದ, ತಾರೀಖಪ್ಪ ಫೋನು ಕಿವಿಗಿಟ್ಟುಕೊಂಡೇ ಬಂದ. ಕೊನೆಗೆ ಆ ಪೈಲಟ್ ಬಂದು, ಯಾರನ್ನೂ ಮಾತಾಡಿಸದೆ ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಶೀತಪೆಟ್ಟಿಗೆ ಗುಂಯ್ಗುಟ್ಟುತ್ತಾ ತಣ್ಣಗಾಯಿತು. ಮೈದುನ ಕೊಳವೆಗೆ ಗಾಳಿ ಹಾಯಿಸಿದ. ಮುಳ್ಳು ಏರಿ ನಿಂತಿತು. ಎಲ್ಲರೂ ಅದನ್ನೇ ನೋಡಿದರು. ಅದು ಅಲ್ಲಾಡಲಿಲ್ಲ. ತಾರೀಖಪ್ಪ ಫೋನಿನಲ್ಲಿ, “ಹಾಂ, ಆಗ್ತಾ ಬಂತು,” ಅಂದ.

ಆಗ ಮುಳ್ಳು ಜಾರಿತು. ಸ್ವಲ್ಪವೇ. ಜಾರಿ, ಏನೂ ಆಗಿಲ್ಲವೆಂಬಂತೆ ನಿಂತುಬಿಟ್ಟಿತು. ಒಲೆಯ ಮೇಲಿನ ಹಳೇ ಕುಕ್ಕರಿನ ಹಾಗೆ, ಒಂದಿಷ್ಟು ಬುಸುಗುಟ್ಟಿ ಮುಖ ಸಪ್ಪಗೆ ಮಾಡಿಕೊಂಡು ಕೂತಿತು. ಉಪಕರಣ ಹೊಸದು. ಧೂಳಿಲ್ಲ.

ಮೈದುನ ತಲೆ ಎತ್ತಿ ಅವಳನ್ನು ನೋಡಿದ. ಅದೇ ನೋಟ.

“ಸೋರ್ತಿದೆ,” ಅಂದಳು ಸೀಲಮ್ಮ. ಶೆಡ್ಡಿನ ಆಚೆ ತುದಿಗೂ ಕೇಳುವಷ್ಟು ಜೋರಾಗಿ ಅಂದಳು. “ಸೀಲು ಸೋರ್ತಿದೆ. ಬರ್ಕೊಳ್ರಿ.”

“ಹೌದು ಅತ್ತಿಗೆ,” ಅಂದ ಮೈದುನ, ಅಷ್ಟು ಜನರೆದುರು. “ಸೋರ್ತಿದೆ.”

ತಾರೀಖಪ್ಪ ಫೋನು ಕೆಳಗಿಳಿಸಿದ. ದೊಡ್ಡತ್ತೆ ಅವನ ಭುಜದ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದರು. ಆಚೆಯಿಂದ ಅವರ ಮಾತು ಮೆಲ್ಲಗೆ, ಅವನ ಮಾತು ಜೋರಾಗಿ ಕೇಳುತ್ತಿತ್ತು. ಮೈದುನ ಆಗಲೇ ಪೆಟ್ಟಿಗೆ ತೆಗೆಯಲು ಕೈಗವಸು ಹಾಕಿಕೊಳ್ಳುತ್ತಿದ್ದ. ಉಂಗುರ ಬದಲಾಗಬೇಕು, ಬಹುಶಃ ಅದು ಕೂರುವ ತೋಡೇ ಬದಲಾಗಬೇಕು. ತಿಂಗಳುಗಳ ಕೆಲಸ.

ಪೈಲಟ್ ಗೋಡೆ ಬಿಟ್ಟು ಗೇಜಿನ ಹತ್ತಿರ ಬಂದಳು. ಮುಳ್ಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಸಿಟ್ಟಿಲ್ಲದೆ, ತಿಳಿದುಕೊಳ್ಳುವುದಕ್ಕೆಂಬಂತೆ ಕೇಳಿದಳು: “ನಾವಿಬ್ರೂ ಕಾರಿಡಾರಿನಲ್ಲಿ ಸಿಕ್ಕಿದ್ವಲ್ಲ ಮೇಡಂ, ಆವತ್ತೂ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ನಮ್ಮಮ್ಮನಿಗೆ ಹೇಳಿದ್ದೆ ಅಂದಾಗಲೂ?”

“ಹೂಂ.” ಸೀಲಮ್ಮನಿಗೆ ಅವಳ ಕಣ್ಣು ನೋಡಲಾಗಲಿಲ್ಲ, ಅವಳ ಬೂಟಿನ ಲೇಸನ್ನು ನೋಡಿದಳು. “ತಪ್ಪಾಯ್ತು ತಾಯಿ.”

ಪೈಲಟ್ ಗೇಜಿನ ಗಾಜನ್ನು ಬೆರಳಿನಿಂದ ಒಮ್ಮೆ ತಟ್ಟಿದಳು.

“ಪರವಾಗಿಲ್ಲ ಮೇಡಂ,” ಅಂದಳು. ಅಂದು, ಶೆಡ್ಡಿನ ದೊಡ್ಡ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೊರಗೆ ಬಿಸಿಲಿಗೆ ಹೋದಳು.

ಅದು ಯಾವ ಪರವಾಗಿಲ್ಲ ಅಂತ ಓಡಿ ಹೋಗಿ ಕೇಳುವ ಮುಖ ಸೀಲಮ್ಮನಿಗೆ ಇರಲಿಲ್ಲ. ಕೆಳಗೆ ಬಿದ್ದಿದ್ದ ಬಟ್ಟೆಯನ್ನು ಎತ್ತಿಕೊಂಡು, ಮೈದುನನ ಪಕ್ಕಕ್ಕೆ ಹೋಗಿ, ಪೆಟ್ಟಿಗೆಯ ಬಾಗಿಲು ಹಿಡಿದು ನಿಂತಳು.